ಸುಣ್ಣದ ಕೆಳಗಿನ ಬೊಟ್ಟು

ಮೊನ್ನೆ ಶಾಲೆಯಿಂದ ಬಂದಾಗ ನೀವಿಬ್ಬರೂ ಕೇಳಿದಿರಿ, ಇಷ್ಟು ಸೆಕೆಯಲ್ಲಿ ಅಜ್ಜಿ ಕಿಟಕಿ ಯಾಕೆ ಮುಚ್ಚಿಕೊಂಡು ಕೂತಿದ್ದಾಳೆ ಎಂದು. ಧೂಳು ಬರುತ್ತದೆ ಎಂದೆ. ಧೂಳು ಬರುತ್ತಿರಲಿಲ್ಲ. ಕೆಳಗೆ ಡ್ರಮ್ಮಿನಲ್ಲಿ ಸುಣ್ಣ ನೆನೆಹಾಕಿದ್ದರು, ಅದರ ವಾಸನೆ ಬರುತ್ತಿತ್ತು.

ನಮ್ಮ ಅಪಾರ್ಟ್‌ಮೆಂಟಿನ ಹೊಸ ಪಾರ್ಕು ತೆರೆಯಲು ಈ ಭಾನುವಾರ ಮಂತ್ರಿಗಳು ಬರುತ್ತಾರಂತೆ. ಹಿಂದಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದಾರೆ. ಗೇಟಿನಿಂದ ಪಾರ್ಕಿನವರೆಗೆ ದಾರಿಯ ಎರಡೂ ಬದಿಗೆ ಬಿಳಿ ಪುಡಿಯ ಗೆರೆ ಎಳೆದಿದ್ದಾರೆ. ಅನನ್ಯಾ, ಹೂಗುಚ್ಛ ಕೊಡಲು ನಿನ್ನನ್ನು ಆರಿಸಿದ್ದಾರೆಂದು ನಿಮ್ಮ ಅಮ್ಮ ಹೊಸ ಲಂಗ ತಂದಿದ್ದಾಳೆ. ಆ ದಿನ ಊಟಕ್ಕೆ ಕೂತಾಗ ಕಾರ್ತಿಕ ಕೇಳಿದ, "ಅಪ್ಪಾ, ಅವರಿಗೆ ಐದು ಕಾರು ಇದಾವಂತೆ. ಹಂಗಿದ್ರೆ ನಮ್ಮ ಬಸ್ಸು ದಿನಾ ಲೇಟಾಗೋದು ಅವರಿಗೆ ಹೆಂಗ್ ಗೊತ್ತಾಗುತ್ತೆ?" ನಿಮ್ಮ ಅಪ್ಪ ನಕ್ಕು, "ದುಡ್ಡಿದ್ದೋರಿಗೆ ಏನೂ ಗೊತ್ತಾಗಲ್ಲ ಕಣೋ, ಊಟ ಮಾಡು" ಎಂದರು. ಎಲ್ಲರೂ ನಕ್ಕರು. ನಾನು ಮಜ್ಜಿಗೆ ತರುವ ನೆಪದಲ್ಲಿ ಒಳಗೆ ಹೋದೆ.

ಕಾರ್ತಿಕನ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಇದೆ. ಅದನ್ನು ನಾಲ್ಕು ಜನರ ಎದುರು ಹೇಳುವುದು ನನ್ನಿಂದ ಆಗದು. ಫೋನು ಬಂದರೂ ನಿಮ್ಮ ಅಮ್ಮನ ಕೈಗೆ ಕೊಡುವವಳು ನಾನು. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದೆ. "ಈ ಹುಡುಗಿಗೆ ದೇವರು ಅಕ್ಷರ ಕೊಟ್ಟಾನ, ಬಾಯಿ ಕೊಡೋದು ಮರತಾನ" ಎನ್ನುತ್ತಿದ್ದರು ನಮ್ಮ ಮಾಸ್ತರರು. ಹಾಗಾಗಿ ಬರೆಯುತ್ತಿದ್ದೇನೆ. ಭಾನುವಾರದೊಳಗೆ ಓದಿ.

ನಿಮ್ಮ ಅಮ್ಮ ಆಗ ಈಗಿನ ಅನನ್ಯಾಳಷ್ಟು ಇದ್ದಳು. ರಾಯಚೂರಿನ ಕಡೆಯಿಂದ ನಾವು ಹೈದರಾಬಾದಿಗೆ ಬಂದು ನಾಲ್ಕು ವರ್ಷವಾಗಿತ್ತು. ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸಿ ಪಡುವಣಕ್ಕೆ ಬಹಳ ದೂರ ಹೋದರೆ ಬಂಡೆಗಲ್ಲುಗಳ ಗುಡ್ಡ ಸಿಗುತ್ತಿತ್ತು. ಅದರ ಕೆಳಗೆ ತಗ್ಗಿನಲ್ಲಿ ನಲವತ್ತು ಮನೆಗಳ ನಮ್ಮ ಬಸ್ತಿ. ಮಗ್ಗುಲಲ್ಲೇ ನಾಲೆ. ಬೇಸಿಗೆಯಲ್ಲಿ ಅದರಲ್ಲಿ ಆಡು ಮೇಯುತ್ತಿದ್ದವು. ನಿಮ್ಮ ಮುತ್ಯಾ, ಅಂದರೆ ನಿಮ್ಮ ಅಮ್ಮನ ಅಪ್ಪ, ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದರು. ನಾನು ಮೆಹದಿಪಟ್ಟಣಂನ ಒಂದು ಮೆಸ್ಸಿನಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಬೆಂಗಳೂರು, ಮೈಸೂರು, ಮಂಗಳೂರಿನ ಕಡೆಯಿಂದ ಕಂಪ್ಯೂಟರ್ ಕೆಲಸಕ್ಕೆ ಬಂದ ಹುಡುಗರು ಅಲ್ಲಿಗೆ ಊಟಕ್ಕೆ ಬರುತ್ತಿದ್ದರು. ಕೊರಳಲ್ಲಿ ಕಚೇರಿಯ ಚೀಟಿ ಹಾಕಿಕೊಂಡು, ರೊಟ್ಟಿಯನ್ನು ಹೇಗೆ ಮುರಿಯಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಆ ಹುಡುಗರ ಕಚೇರಿಗಳೆಲ್ಲ ನಮ್ಮ ಗುಡ್ಡದ ಮೇಲೇ ಏಳುತ್ತಿದ್ದವು. ದಿನಾ ಮಧ್ಯಾಹ್ನ ಸೈರನ್ ಕೂಗುತ್ತಿತ್ತು. ಆಮೇಲೆ ಬಂಡೆ ಒಡೆಯುವ ಸದ್ದು. ಗೋಡೆಯ ನಾಗೊಂದಿಗೆಯ ಮೇಲಿನ ಡಬ್ಬಿಗಳು ತಾವಾಗಿ ಅಂಚಿಗೆ ಸರಿದು ಬರುತ್ತಿದ್ದವು, ಸಂಜೆ ನಾನು ಅವನ್ನು ಹಿಂದಕ್ಕೆ ತಳ್ಳುತ್ತಿದ್ದೆ. ಮೊದಲು ಆ ಬಂಡೆಗಳ ಸಂದಿಯಲ್ಲಿ ಮಳೆಯ ನೀರು ನಿಲ್ಲುತ್ತಿತ್ತು, ಮಣ್ಣು ಕುಡಿಯುತ್ತಿತ್ತು. ಬಂಡೆ ಹೋಗಿ ಕಾಂಕ್ರೀಟು ಬಂದ ಮೇಲೆ ನೀರಿಗೆ ನಿಲ್ಲಲು ಜಾಗವಿಲ್ಲದೆ ನೇರವಾಗಿ ನಮ್ಮ ಹತ್ತಿರ ಬರತೊಡಗಿತು.

ಎಷ್ಟು ಬಂತು ಎನ್ನುವ ಲೆಕ್ಕ ನಮ್ಮ ಅತ್ತೆಯ ಹತ್ತಿರ ಇತ್ತು. ಅವರು ಬಿದ್ದು ಸೊಂಟ ಮುರಿದುಕೊಂಡು ಹೊರಸು ಹಿಡಿದು ಮಲಗಿದ್ದರು, ಬಾಯಿ ಮಾತ್ರ ಗಟ್ಟಿ. ನಮ್ಮ ಊರು ನದಿಯ ದಂಡೆಯದು. ಪ್ರವಾಹ ಇಳಿದ ಮೇಲೆ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಗೋಡೆಗೆ ಒಂದು ಕುಂಕುಮದ ಬೊಟ್ಟು ಇಟ್ಟು ಕೈಮುಗಿಯುವುದು ಅವರ ತವರಿನ ಪದ್ಧತಿ. ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದಲ್ಲ, ಗಂಗವ್ವನಿಗೂ ಹಾಗೆ. ಬೊಟ್ಟಿಡದೆ ಕಳಿಸಿದರೆ ಆಕೆ ಸಿಟ್ಟಾಗಿ ಹುಡುಕಿಕೊಂಡು ಬರುತ್ತಾಳೆ ಎನ್ನುತ್ತಿದ್ದರು. ಬಸ್ತಿಗೆ ಬಂದ ಮೊದಲ ಮಳೆಗಾಲದ ಬೊಟ್ಟು ನನ್ನ ಕಾಲಿನ ಹರಡಿಗೆ ಇತ್ತು. ಎರಡನೆಯ ವರ್ಷದ್ದು ಮೊಣಕಾಲಿಗೆ. ಮೂರನೆಯದು ಅತ್ತೆಯ ಹೊರಸಿನ ಪಟ್ಟಿಗೆ. ಆ ವರ್ಷ ಅವರ ಬೆನ್ನು ನೆನೆದಿತ್ತು. "ಮೂರು ವರ್ಷ ಮೂರು ಮೆಟ್ಲ ಹತ್ಯಾಳ. ನಾಕನೇದ್ದು ಎಲ್ಲಿಡ್ತಾಳೋ ನೋಡು" ಎನ್ನುತ್ತಿದ್ದರು.

ನಾಲ್ಕನೆಯ ವರ್ಷ ಬೇಸಿಗೆಯಲ್ಲಿ ಬಸ್ತಿಯ ಕೆಳಗಿನ ಬದಿಗೆ ಒಂದು ದೊಡ್ಡ ಕಚೇರಿಯವರು ಕಾಂಪೌಂಡ್ ಗೋಡೆ ಎತ್ತಲು ಶುರುಮಾಡಿದರು. ನಾಲೆ ಆ ಗೋಡೆಯನ್ನು ದಾಟಿಯೇ ಮುಂದೆ ಹೋಗಬೇಕು. ಎರಡು ಎತ್ತಿನಗಾಡಿ ಜೋಡಿಯಾಗಿ ಹೋಗುವಷ್ಟು ಅಗಲದ ನಾಲೆಗೆ ಅವರು ಗೋಡೆಯಲ್ಲಿ ಎರಡು ಪೈಪು ಇಟ್ಟರು. ಒಂದೊಂದರ ಬಾಯಿ ನಮ್ಮ ನೀರೊಲೆಯ ಹಂಡೆಯಷ್ಟು. ಆ ಗೋಡೆ ಕಟ್ಟುವ ಕೂಲಿ ನಿಮ್ಮ ಮುತ್ಯಾನಿಗೇ ಸಿಕ್ಕಿತ್ತು. ಮನೆಯ ಹತ್ತಿರದ ಕೆಲಸ, ಬಸ್ಸಿನ ಖರ್ಚಿಲ್ಲ ಎಂದು ಮೊದಲು ಖುಷಿಪಟ್ಟರು. ಪೈಪು ಇಟ್ಟ ದಿನ ಬಂದು ಊಟಕ್ಕೆ ಕೂತವರು ತುತ್ತು ಎತ್ತಲಿಲ್ಲ.

"ಮೇಸ್ತ್ರಿಗೆ ಹೇಳಿದ್ನಿ, ಈ ಕಿಂಡಿ ಸಾಲೂದಿಲ್ರಿ ಅಂತ. ನಿನ್ನ ಕೆಲಸ ಇಟ್ಟಿಗಿ ಇಡೂದು, ಇಡು ಅಂದ."

"ಹಂಗಾದ್ರ ಬಿಟ್ಟು ಬಾ" ಎಂದರು ಅತ್ತೆ, ಹೊರಸಿನಿಂದಲೇ.

"ನಾ ಬಿಟ್ರ ಇನ್ನೊಬ್ಬ ಕಟ್ತಾನಬೇ. ಗ್ವಾಡಿ ನಿಲ್ತೈತೇನ?"

ಬಸ್ತಿಯ ಹಿರಿಯ ಮಲ್ಲೇಶ ಎಲ್ಲರ ಹೆಬ್ಬೆಟ್ಟು ಒತ್ತಿಸಿ ಅರ್ಜಿ ಕೊಟ್ಟ. ಪೈಪು ತೆಗೆದು ನಾಲೆಯಷ್ಟೇ ಅಗಲದ ಕಿಂಡಿ ಬಿಡಿ, ಇಷ್ಟೇ ನಮ್ಮ ಬೇಡಿಕೆ. ಎರಡು ತಿಂಗಳು ಅಲೆದ ಮೇಲೆ ಒಬ್ಬ ದೊಡ್ಡ ಅಧಿಕಾರಿ ತಾವೇ ಬಂದು ಜಾಗ ನೋಡುತ್ತಾರೆ ಎಂದು ಹೇಳಿ ಕಳಿಸಿದರು. ಅವರು ಬಂದು, ನೀರು ಬರುವುದು ಹೌದು ಎಂದು ಬರೆದರೆ ಕಿಂಡಿ. ಇಲ್ಲವಾದರೆ ಪೈಪೇ ಗತಿ.

ಅವರು ಬರುವ ಹಿಂದಿನ ದಿನ ಮಲ್ಲೇಶ ಒಂದು ಡ್ರಮ್ಮು ಸುಣ್ಣ ನೆನೆಹಾಕಿ ಮನೆಮನೆಗೂ ಹೇಳುತ್ತಾ ಬಂದ. "ಗೋಡಲು ಶುಭ್ರಂಗಾ ಉಂಡಾಲಿ, ಅಮ್ಮಾ" ಎಂದು, ಗೋಡೆಗಳು ಸ್ವಚ್ಛವಾಗಿರಬೇಕೆಂದು ನನಗೆ ತೆಲುಗಿನಲ್ಲಿ ಹೇಳಿ, ಪಕ್ಕದ ಮನೆಯ ರಜಿಯಾಬಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದ. ಇನ್ನೊಂದು ಕಡೆ ಒಂದು ಬಸ್ತಿಗೆ ಹೀಗೇ ಸಾಹೇಬರು ಬಂದರಂತೆ. ಗೋಡೆಯ ಪಾಚಿ, ಅಂಗಳದ ಕೆಸರು ನೋಡಿ ಇಲ್ಲಿ ಮನುಷ್ಯರು ಇರುವ ಹಾಗಿಲ್ಲ ಎಂದು ಬರೆದುಕೊಂಡು ಹೋದರಂತೆ. ಹದಿನೈದು ದಿನಕ್ಕೆ ಬುಲ್‌ಡೋಜರ್ ಬಂತಂತೆ.

"ಹೋ ಗಯಾ" ಎಂದಳು ರಜಿಯಾಬಿ. "ಗಲೀಜ್ ದಿಖೇ ತೋ ಘರ್ ಜಾತಾ. ಸಾಫ್ ದಿಖೇ ತೋ ನಾಲಾ ನೈ ಬನ್ತಾ. ಕ್ಯಾ ಕರ್ನಾ ಬೋಲೋ?" ಗಲೀಜು ಕಂಡರೆ ಮನೆ ಹೋಗುತ್ತದೆ, ಸ್ವಚ್ಛ ಕಂಡರೆ ನಾಲೆಗೆ ಕಿಂಡಿ ಸಿಗುವುದಿಲ್ಲ, ಏನು ಮಾಡೋದು ಹೇಳು. ಅಷ್ಟು ಹೇಳಿ ಅವಳೂ ಕುಂಚ ಕೈಗೆತ್ತಿಕೊಂಡಳು.

ನಮ್ಮ ಮನೆಗೆ ನಾನೇ ಬಳಿದೆ. ಸುಣ್ಣಕ್ಕೆ ಚಿಟಿಕೆ ನೀಲಿ ಹಾಕಿ, ಕತ್ತಾಳೆ ನಾರಿನ ಕುಂಚದಿಂದ ಮೇಲಿನಿಂದ ಕೆಳಕ್ಕೆ ಎಳೆಯುತ್ತಾ ಬಂದೆ. ಬೊಟ್ಟುಗಳ ಗೋಡೆಗೆ ಬಂದಾಗ ಅತ್ತೆ ಕೂಗಿದರು.

"ಏಯ್, ಅದನ್ನ ಬಿಡು! ಗಂಗವ್ವನ ಕುಂಕುಮ ಅಳಸ್ತಿಯೇನ?"

"ಒಂದ ದಿನದ ಮಾತ್ರೀ ಅತ್ತಿ. ಸಾಹೇಬ್ರು ಹ್ವಾದ ಮ್ಯಾಲ ತಿರುಗಿ ಇಟ್ರಾತು."

"ಸಾಹೇಬಗ ತೋರಸೂದಾ ಅದು! ಅದನ್ನ ಮುಚ್ಚಿ ಏನ ತೋರಸ್ತಿ, ನಿನ್ನ ಮಾರಿ?"

ಮೊದಲ ಕೈಗೆ ಬೊಟ್ಟುಗಳು ಹೋಗಲಿಲ್ಲ. ಕುಂಕುಮ ಸುಣ್ಣದೊಳಗಿಂದ ಗುಲಾಬಿಯಾಗಿ ಒಸರಿತು. ಎರಡನೆಯ ಕೈ ಬಳಿದೆ. ಒಣಗಿದ ಮೇಲೆ ಗೋಡೆ ಹಾಲಿನ ಹಾಗೆ ಬೆಳ್ಳಗಾಯಿತು. ಅತ್ತೆ ಗೋಡೆಯ ಕಡೆಗೆ ಬೆನ್ನು ತಿರುಗಿಸಿ ಮಲಗಿದರು, ಆ ದಿನ ಊಟ ಮಾಡಲಿಲ್ಲ.

ಮರುದಿನ ಹತ್ತು ಗಂಟೆಗೆ ಸಾಹೇಬರು ಬಂದರು. ಸಿರಿವಂತರ ಮನೆಯವರೆಂದು ಮೊದಲೇ ಸುದ್ದಿ ಇತ್ತು, ಅವರ ತಂದೆಗೆ ಕಾರ್ಖಾನೆಗಳಿದ್ದವಂತೆ. ಆರು ಅಡಿಗಿಂತ ಎತ್ತರದ ಆಳು, ಮೃದು ಮಾತು. ನಾನು ಅವರನ್ನು ಕೆಟ್ಟವರೆಂದು ಬರೆಯಲಾರೆ. ನಮ್ಮ ಹೊಸ್ತಿಲಲ್ಲಿ ಬಗ್ಗಿ ತಾವೇ ಬೂಟಿನ ಲೇಸು ಬಿಚ್ಚಿದರು. ಮಲ್ಲೇಶ ತಂದಿಟ್ಟ ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕೂತರು. ಹಿಂದೆ ನಿಂತಿದ್ದವನ ಕೈಯಲ್ಲಿ ಅವರ ನೀರಿನ ಬಾಟಲಿ ಇತ್ತು, ಆದರೂ ನಾನು ಕೊಟ್ಟ ಚಹಾ ಪೂರ್ತಿ ಕುಡಿದರು. ನಾನು ಕನ್ನಡದವಳೆಂದು ಮಲ್ಲೇಶ ಹೇಳಿದಾಗ ಅವರ ಮುಖ ಅರಳಿತು. ಅವರ ತಾಯಿ ಮೈಸೂರಿನವರಂತೆ.

"ಹೆದರಬೇಡಿ ಅಮ್ಮಾ. ಸತ್ಯ ಹೇಳಿ, ಮಳೆಗಾಲದಲ್ಲಿ ಮನೆಯೊಳಗೆ ನೀರು ಬರುತ್ತಾ?"

ಅವರು ನನ್ನ ಭಾಷೆಯಲ್ಲೇ ಕೇಳಿದರು. ನಡುವೆ ಮಲ್ಲೇಶನಿರಲಿಲ್ಲ, ಹಿಂದಿ ಇರಲಿಲ್ಲ. ನೆಪ ಹೇಳಲು ನನಗೆ ಏನೂ ಉಳಿದಿರಲಿಲ್ಲ. ಹೌದು ಎನ್ನಲು ಬಾಯಿ ತೆರೆದೆ. ಅವರ ಬೆನ್ನ ಹಿಂದಿದ್ದವನ ಕೈಯಲ್ಲಿ ದಪ್ಪ ರಿಜಿಸ್ಟರು, ಪೆನ್ನು ಕಂಡವು. ಹೌದು ಎಂದರೆ ಏನು ಬರೆಯುತ್ತಾನೆ? ಕಿಂಡಿ ಎಂದೋ, ಬುಲ್‌ಡೋಜರ್ ಎಂದೋ? ಬಾಗಿಲಲ್ಲಿ ನಿಂತ ರಜಿಯಾಬಿಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಇಲ್ರಿ ಸಾಹೇಬ್ರ. ಅಂಗಳದಾಗ ಒಂದೀಟ ನಿಲ್ತೈತ್ರಿ, ಅಷ್ಟ. ಆರಾಮ ಇದ್ದೀವ್ರಿ."

ನಮ್ಮ ಕಡೆ ಸಾಯುವವರನ್ನು ಕೇಳಿದರೂ ಆರಾಮ ಇದ್ದೀನ್ರಿ ಎನ್ನುತ್ತಾರೆ. ಅದು ಬಂದವರಿಗೆ ಕೊಡುವ ನೀರಿನ ಚರಿಗೆಯಂಥ ಮಾತು. ಅವರ ತಾಯಿ ಅವರಿಗೆ ಕನ್ನಡ ಕಲಿಸಿದ್ದರು, ಇದನ್ನು ಕಲಿಸಿರಲಿಲ್ಲ.

ಅಷ್ಟರಲ್ಲಿ ಹೊರಸಿನಿಂದ ಅತ್ತೆಯ ದನಿ ಬಂತು. "ಸುಳ್ಳ ಹೇಳ್ತಾಳ್ರೀ ಈಕಿ! ಆ ಗ್ವಾಡಿ ಮ್ಯಾಲ ನನ್ನ ಬೊಟ್ಟ ಇದ್ದುವ್ರಿ, ಎಲ್ಲಾ ಅಳಿಸಿ ಸುಣ್ಣಾ ಬಡದು ಕುಂತಾಳ. ಕೇಳ್ರಿ ಆಕೀನ!"

ಸಾಹೇಬರು ತಿರುಗಿ ಬೆಳ್ಳಗಿನ ಗೋಡೆ ನೋಡಿದರು. ಸೆರಗು ಬಾಯಿಗೆ ಒತ್ತಿಕೊಂಡ ನನ್ನನ್ನು ನೋಡಿದರು. ಆಮೇಲೆ ಜೋರಾಗಿ ನಕ್ಕುಬಿಟ್ಟರು. "ಅಜ್ಜಿ, ನಮ್ಮನೇಲೂ ಹೀಗೇನೇ. ನಮ್ಮಮ್ಮನೂ ನನ್ನ ಹೆಂಡತಿ ಮೇಲೆ ದಿನಾ ಒಂದು ದೂರು ಹೇಳ್ತಾರೆ. ಅತ್ತೆ ಸೊಸೆ ಮಧ್ಯೆ ಮಾತ್ರ ನಾನು ಬರೋದಿಲ್ಲಪ್ಪ!"

ಎಲ್ಲರೂ ನಕ್ಕರು. ಮಲ್ಲೇಶನಿಗೆ ಏನೂ ಅರ್ಥವಾಗದಿದ್ದರೂ ನಕ್ಕ. ನಾನೂ ನಕ್ಕೆ. ಮಕ್ಕಳೇ, ಈ ಒಂದು ಸಾಲು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಹೊರಡುವಾಗ ಅವರು ತಲೆಯೆತ್ತಿ ಮಾಡಿನ ತಗಡು ನೋಡಿದರು. "ಮಳೆ ಬಂದಾಗ ಈ ತಗಡಿನ ಸದ್ದು ಎಷ್ಟು ಚೆನ್ನಾಗಿರುತ್ತೆ ಅಲ್ವಾ? ಚಿಕ್ಕವನಿದ್ದಾಗ ನಮ್ಮ ಕಾರ್ ಶೆಡ್ಡಿಗೆ ತಗಡಿತ್ತು. ಮಳೆ ಶುರುವಾದ್ರೆ ಓಡಿಹೋಗಿ ಅದರ ಕೆಳಗೆ ಕೂತ್ಕೋತಿದ್ದೆ."

"ಹೌದ್ರಿ" ಎಂದೆ.

ಅವರು ಸುಳ್ಳು ಹೇಳಲಿಲ್ಲ, ನಾಟಕವಾಡಲೂ ಇಲ್ಲ. ಅವರಿಗೆ ಮಳೆ ಎಂದರೆ ನಿಜವಾಗಿ ಅದೇ ಆಗಿತ್ತು.

ಗೋಡೆ ಮುಗಿಯಿತು. ಪೈಪು ಎರಡೇ ಉಳಿದವು. ರೋಹಿಣಿ ಮಳೆ ಒಣಗಿ ಹೋಯಿತು, ಮೃಗಶಿರ ಹನಿ ಹಾಕಿ ಸುಮ್ಮನಾಯಿತು. ಅತ್ತೆ ಹೊರಸಿನ ಮೇಲೆ ಮಲಗಿ ಮಳೆಗಳನ್ನು ಬೆರಳಲ್ಲಿ ಎಣಿಸುತ್ತಿದ್ದರು. ಬೊಟ್ಟು ತಿರುಗಿ ಇಡುತ್ತೇನೆ ಎಂದು ಕುಂಕುಮದ ಭರಣಿ ಹಿಡಿದು ಹೋದರೆ, "ಬ್ಯಾಡ. ಅಳಸಿದ್ದನ್ನ ಅಂದಾಜಿಂದ ಇಡಬಾರದು. ಆಕಿನ ಬಂದು ತೋರಸ್ತಾಳ" ಎಂದರು. ಭರಣಿಯನ್ನು ತಿರುಗಿ ಮುಚ್ಚಿಟ್ಟೆ.

ಆರಿದ್ರಾ ಮಳೆಗೆ ಮೊದಲ ಸಲ ನಾಲೆ ಹರಿಯಿತು. ನಾನು ಹೋಗಿ ನೋಡಿದೆ. ಪೈಪಿನ ಬಾಯಿಯ ಹತ್ತಿರ ನೀರು ಮುಂದೆ ಹೋಗದೆ ತನ್ನ ಸುತ್ತ ತಾನೇ ತಿರುಗುತ್ತಿತ್ತು. ಒಂದು ತೆಂಗಿನ ಚಿಪ್ಪು ಅದರ ಜೊತೆ ತಿರುಗಿ, ತಿರುಗಿ, ಮೆಲ್ಲಗೆ ನಮ್ಮ ಮನೆಯ ಕಡೆಗೆ ತೇಲುತ್ತಾ ವಾಪಸು ಬಂತು. ಪುನರ್ವಸು ಮಳೆಗೆ ಅಂಗಳ ಎರಡು ದಿನ ಒಣಗಲಿಲ್ಲ. ಗೋಡೆಯ ಬುಡದಲ್ಲಿ ಸುಣ್ಣ ಹಪ್ಪಳವಾಗಿ ಏಳತೊಡಗಿತು. ನಿಮ್ಮ ಮುತ್ಯಾ ದಿನಾ ಕೆಲಸದಿಂದ ಬರುವಾಗ ಪೈಪಿಗೆ ಸಿಕ್ಕ ಕಸ ಎಳೆದು ಹಾಕಿ, ಮೊಣಕೈವರೆಗೆ ಕೆಸರು ಮಾಡಿಕೊಂಡು ಬರುತ್ತಿದ್ದರು. ಮಧ್ಯಾಹ್ನದ ಸೈರನ್ನು ಒಂದು ದಿನವೂ ತಪ್ಪುತ್ತಿರಲಿಲ್ಲ.

ಮಘಾ ಮಳೆ ಹಿಡಿದ ನಾಲ್ಕನೆಯ ದಿನ, ನಿಮ್ಮ ಅಮ್ಮ ಶಾಲೆಗೆ ಹೋಗಿದ್ದಳು, ನಾನು ಮೆಸ್ಸಿನಲ್ಲಿದ್ದೆ. ಬೆಳಗ್ಗೆಯಿಂದಲೂ ಕತ್ತಲು ಮುಸುಕಿತ್ತು. ಮಧ್ಯಾಹ್ನದ ಹೊತ್ತಿಗೆ ಮಳೆ ಎಷ್ಟು ಬಿತ್ತೆಂದರೆ ಊಟಕ್ಕೆ ಒಬ್ಬ ಹುಡುಗನೂ ಬರಲಿಲ್ಲ. ಬಡಿದ ರೊಟ್ಟಿಯ ಗುಡ್ಡೆ ಹಾಗೇ ಇತ್ತು. ಮೆಸ್ಸಿನ ಯಜಮಾನಿ, "ಕಿಟಕಿ ಬಾಗಿಲು ಹಾಕ್ರಿ, ರೊಟ್ಟಿ ಮೆತ್ತಗಾಗ್ತಾವು" ಎಂದರು. ಹಿಟ್ಟಿನ ಕೈಯಲ್ಲೇ ಎದ್ದು ಹೊರಟೆ. ಬಸ್ಸು ಅರ್ಧ ದಾರಿಗೆ ನಿಂತಿತು. ಅಲ್ಲಿಂದ ನಡೆದೆ. ಗುಡ್ಡದ ಮೇಲಿನ ಕಚೇರಿಗಳ ಗಾಜು ಮಳೆಯಲ್ಲಿ ತೊಳೆದು ಹೊಳೆಯುತ್ತಿತ್ತು, ಒಳಗೆ ದೀಪ ಉರಿಯುತ್ತಿದ್ದವು, ಗಾಜಿನ ಹಿಂದೆ ಯಾರೋ ನಿಂತು ಮಳೆ ನೋಡುತ್ತಿದ್ದರು. ರಸ್ತೆಯ ತಿರುವಿನಲ್ಲಿ ನಿಂತು ತಗ್ಗಿಗೆ ಕಣ್ಣು ಹಾಯಿಸಿದೆ. ಬಸ್ತಿ ಇದ್ದ ಜಾಗದಲ್ಲಿ ಕೆಂಪು ನೀರು ತುಂಬಿದ ಒಂದು ಬೋಗುಣಿ ಇತ್ತು. ಅದರಲ್ಲಿ ತಗಡಿನ ಮಾಡುಗಳು ತೇಲುವ ಹಾಗೆ ಕಾಣುತ್ತಿದ್ದವು. ಕೆಳಗಿನ ಅಂಚಿನಲ್ಲಿ ಹೊಸ ಗೋಡೆ, ಒಂದು ಇಟ್ಟಿಗೆ ಕದಲದೆ ನಿಂತಿತ್ತು.

ಗೋಡೆಯ ಮೇಲೆ ಐದಾರು ಗಂಡಸರು ಹಾರೆ ಹಿಡಿದು ಮೀಟುತ್ತಿದ್ದರು. ನಿಮ್ಮ ಮುತ್ಯಾ ನಡುವೆ ಇದ್ದರು. ಹೊಡೆದು ಹೊಡೆದು ಅಂಗೈ ಸುಲಿದು ಹಾರೆ ಕೆಂಪಾಗಿತ್ತು. ನನ್ನನ್ನು ನೋಡಿದವರು ಅಳುತ್ತಾ ಕೂಗಿದರು, "ಒಡೀವಲ್ದು! ನಾನ ಕಟ್ಟೇನಿ, ಭಾಳ ಗಟ್ಟಿ ಕಟ್ಟೇನಿ!"

ರಜಿಯಾಬಿ ರಸ್ತೆಯ ಮೇಲೆ ಒದ್ದೆಯಾಗಿ ಕೂತಿದ್ದಳು. ನೀರು ಅರ್ಧ ಗಂಟೆಯಲ್ಲಿ ಏರಿತಂತೆ. ಅವಳೊಬ್ಬಳೇ ಅತ್ತೆಯ ಹೊರಸು ಎತ್ತಲು ನೋಡಿದಳು, ಆಗಲಿಲ್ಲ. ಬೆನ್ನ ಮೇಲೆ ಹಾಕಿಕೊಳ್ಳಲು ನೋಡಿದಳು. ಅತ್ತೆ ಅವಳ ಕೈ ಬಿಡಿಸಿ, "ನೀ ಹೋಗು ತಂಗಿ. ಆಕಿ ನನ್ನ ನೋಡಾಕ ಬಂದಾಳ" ಎಂದರಂತೆ. ಅಷ್ಟು ಹೇಳಿ ರಜಿಯಾಬಿ ನನ್ನ ಮೊಣಕಾಲು ಹಿಡಿದುಕೊಂಡಳು.

ನೀರು ಇಳಿಯಲು ಮರುದಿನ ಬೆಳಗಾಯಿತು. ನಮ್ಮ ಮನೆಯ ಹೊರಸು ಮಾಡಿನ ತೊಲೆಗೆ ಸಿಕ್ಕಿಕೊಂಡಿತ್ತು. ಅತ್ತೆಯನ್ನು ಇಳಿಸಿಕೊಂಡೆವು. ಅಷ್ಟು ಸಾಕು, ಅದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ಹನ್ನೊಂದು ದಿನವಾದ ಮೇಲೆ ಸಾಹೇಬರು ಮತ್ತೆ ಬರುತ್ತಾರೆಂದು ಸುದ್ದಿ ಬಂತು. ಮಲ್ಲೇಶ ಬಂದು ನಮ್ಮ ಬಾಗಿಲಲ್ಲಿ ನಿಂತ. ಅವನ ಹಿಂದೆ ಸುಣ್ಣದ ಡ್ರಮ್ಮು ಇತ್ತು. ಅವನನ್ನೂ ಬಯ್ಯಲಾರೆ. ಕೆಸರಿನ ಗೋಡೆ ನೋಡಿದರೆ ನಮ್ಮನ್ನು ಎಬ್ಬಿಸಿಯೇ ಬಿಡುತ್ತಾರೆಂಬ ಅದೇ ಹೆದರಿಕೆ ಅವನದು.

"ಬ್ಯಾಡ" ಎಂದೆ. ನನ್ನ ದನಿ ನಾಲ್ಕು ಮನೆಗೆ ಕೇಳಿಸಿತು. ನಿಮ್ಮ ಮುತ್ಯಾ ಗಾಬರಿಯಿಂದ ತಲೆಯೆತ್ತಿ ನೋಡಿದರು. ಮದುವೆಯಾಗಿ ಹದಿಮೂರು ವರ್ಷದಲ್ಲಿ ಅವರು ಆ ದನಿ ಕೇಳಿರಲಿಲ್ಲ.

ಸಾಹೇಬರು ಬಂದಾಗ ಈ ಸಲ ಬೂಟು ಬಿಚ್ಚಲಿಲ್ಲ, ಬಿಚ್ಚಿ ಕಾಲಿಡಲು ಕೆಸರಿಲ್ಲದ ನೆಲವೇ ಇರಲಿಲ್ಲ. ಅವರ ಕಣ್ಣು ಕೆಂಪಗಿದ್ದವು. ಏನೋ ಹೇಳಲು ಹೊರಟರು. ನಾನು ಕುಂಕುಮದ ಭರಣಿ ತೆಗೆದುಕೊಂಡೆ. "ಇಲ್ಲಿ ಬರ್ರಿ ಸಾಹೇಬ್ರ. ಈ ಗ್ವಾಡಿಗೆ ಬೆನ್ನ ಕೊಟ್ಟು ನಿಂದರ್ರಿ" ಎಂದೆ. ಹಿಂದಿನ ಜನ ಮುಂದೆ ಬಂದರು. ಅವರು ಕೈಯೆತ್ತಿ ತಡೆದು, ಸುಮ್ಮನೆ ಬಂದು ನಿಂತರು. ಗೋಡೆಯ ಮೇಲೆ ಕೆಸರಿನ ಗೆರೆ ಸ್ಪಷ್ಟವಾಗಿತ್ತು. ನನ್ನ ಕೈ ಎಟುಕಲಿಲ್ಲ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಹತ್ತಿ ನಿಂತು ಬೊಟ್ಟು ಇಟ್ಟೆ. ಆರು ಅಡಿ ಮೀರಿದ ಆ ಮನುಷ್ಯನ ನೆತ್ತಿಯ ಮೇಲೆ ಒಂದು ಗೇಣು ಬಿಟ್ಟು ಇತ್ತು ಆ ಬೊಟ್ಟು.

ಅವರು ತಿರುಗಿ, ತಲೆಯೆತ್ತಿ ಅದನ್ನು ನೋಡಿದರು. ಮೆಲ್ಲಗೆ ಕೇಳಿದರು, "ಅವತ್ತು ಯಾಕಮ್ಮಾ ಹೇಳಲಿಲ್ಲ?"

"ನೀರ ಬರ್ತೈತಿ ಅಂದಿದ್ರ, ಏಳ್ರಿ ಅಂತಿದ್ರಿ. ಬರೂದಿಲ್ಲ ಅಂದದ್ದಕ್ಕ ಗ್ವಾಡಿ ಎಬ್ಬಿಸಿದ್ರಿ. ಯಾವುದು ಹೇಳಬೇಕಿತ್ತು ಸಾಹೇಬ್ರ ನಾನು?"

ಅವರು ಅತ್ತೆಯ ಹೊರಸು ಇದ್ದ ಮೂಲೆಯ ಕಡೆಗೆ ನೋಡಿದರು. ಆ ದಿನದ ತಮ್ಮ ನಗು ಅವರಿಗೆ ನೆನಪಾಯಿತೆಂದು ನನಗೆ ಗೊತ್ತಾಯಿತು, ಯಾಕೆಂದರೆ ನನ್ನ ನಗು ನನಗೂ ಅದೇ ಹೊತ್ತಿಗೆ ನೆನಪಾಯಿತು.

ಅವರು ಆಫೀಸಿಗೆ ಹೋಗಿ ನಿಜವನ್ನೇ ಬರೆದರು. ಇಲ್ಲಿ ಆಳು ಮುಳುಗುವಷ್ಟು ನೀರು ಬರುತ್ತದೆ ಎಂದು ಬರೆದರು. ಗೋಡೆಯಲ್ಲಿ ದೊಡ್ಡ ಕಿಂಡಿ ಬಿಡಬೇಕು ಎಂದೂ ಬರೆದಿದ್ದರಂತೆ, ಮಲ್ಲೇಶ ಕೇಳಿಕೊಂಡು ಬಂದ. ಆಮೇಲೆ ಅವರಿಗೆ ವರ್ಗವಾಯಿತು. ಅವರ ಕಾಗದದ ಅರ್ಧ ಮಾತ್ರ ನಡೆಯಿತು. ಇದು ಇರಲು ತಕ್ಕ ಜಾಗವಲ್ಲ ಎಂದು ದಸರೆಯ ಹೊತ್ತಿಗೆ ನಲವತ್ತು ಮನೆಗಳನ್ನೂ ಕೆಡವಿದರು. ನಮ್ಮನ್ನು ಊರಾಚೆ ದೂರ ಹಾಕಿದರು. ಕಿಂಡಿಯ ಮಾತು ಯಾರೂ ಎತ್ತಲಿಲ್ಲ, ಕಾಪಾಡಲು ಅಲ್ಲಿ ಮನೆಗಳೇ ಇರಲಿಲ್ಲವಲ್ಲ. ನಿಮ್ಮ ಮುತ್ಯಾ ಬದುಕಿರುವವರೆಗೆ ಮತ್ತೆ ಕಾಂಪೌಂಡ್ ಗೋಡೆಯ ಕೆಲಸ ಹಿಡಿಯಲಿಲ್ಲ. ಒಳಮನೆಯ ಗೋಡೆಗೆ ಗಾರೆ ಮೆತ್ತುವ ಗಿಲಾಯಿ ಮಾತ್ರ ಮಾಡುತ್ತಿದ್ದರು.

ಕಾರ್ತಿಕ, ನಿನ್ನ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇಷ್ಟು. ಅವರಿಗೆ ತಾನಾಗಿ ತಿಳಿಯುವುದಿಲ್ಲ. ಒಳ್ಳೆಯವರಿಗೂ ತಿಳಿಯುವುದಿಲ್ಲ. ನಾವೂ ಸುಣ್ಣ ಬಳಿದು ಕೂತಿರುತ್ತೇವೆ, ಅದಕ್ಕೆ ನಮಗೆ ನಮ್ಮ ಕಾರಣವಿರುತ್ತದೆ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರೆ ಒಂದು ಗಳಿಗೆ ತಿಳಿಯುತ್ತದೆ. ಆ ಗಳಿಗೆ ಸಾಕಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಮಗಂತೂ ಅದು ತಡವಾಗಿ ಬಂತು.

ಇನ್ನೊಂದು ಮಾತು ಇದೆ. ಇದಕ್ಕಾಗಿಯೇ ಇಷ್ಟೆಲ್ಲ ಬರೆದೆ.

ಮೂರು ವರ್ಷದ ಹಿಂದೆ ನಿಮ್ಮ ಅಪ್ಪ ಅಮ್ಮ ಈ ಫ್ಲ್ಯಾಟು ಕೊಂಡು, ಗೃಹಪ್ರವೇಶಕ್ಕೆ ನನ್ನನ್ನು ಕಾರಿನಲ್ಲಿ ಕರೆತಂದರು. ಊರು ಪೂರ್ತಿ ಬದಲಾಗಿದೆ, ನಿಮ್ಮ ಅಮ್ಮನಿಗೆ ಗುರುತು ಸಿಗಲಿಲ್ಲ. ನಾನು ಹಿಂದಿನ ಬಾಲ್ಕನಿಗೆ ಹೋಗಿ ಕೆಳಗೆ ನೋಡಿದೆ. ಅಪಾರ್ಟ್‌ಮೆಂಟಿನ ಹಿಂದೆ ಒಂದು ಹಳೆಯ ಗೋಡೆ ಇತ್ತು. ಅದರ ನಡುವೆ ಹಾರೆ ಬಡಿದ ಗಾಯಗಳು, ಮೇಲೆ ಸಿಮೆಂಟು ಮೆತ್ತಿದ್ದರು. ಬುಡದಲ್ಲಿ ಎರಡು ಪೈಪು. ಇವತ್ತು ಸುಣ್ಣ ಬಳಿಯುತ್ತಿರುವುದು ಅದೇ ಗೋಡೆಗೆ. ಆ ದಿನ ನಿಮ್ಮ ಅಮ್ಮ ಹಾಲು ಉಕ್ಕಿಸುತ್ತಿದ್ದಳು. ಅವಳ ಮುಖ ನೋಡಿ ನನಗೆ ಬಾಯಿ ಬರಲಿಲ್ಲ. ಎರಡನೆಯ ಸಲವೂ ನಾನು ಆರಾಮ ಇದೆ ಎಂದೆ.

ಕೆಳಗೆ ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ, ಕಾರ್ತಿಕ ಸೈಕಲ್ಲು ಇಡುವ ಮೂಲೆಯ ಕಂಬವನ್ನು ನೋಡಿ. ಪ್ರತಿ ಮಳೆಗಾಲದಲ್ಲೂ ಅಲ್ಲಿಗೆ ನೀರು ಬರುತ್ತದೆ. ವಾಚ್‌ಮನ್ ಬೆಳಗಾಗುವುದರೊಳಗೆ ಮೋಟಾರು ಹಚ್ಚಿ ಎತ್ತಿಹಾಕಿ, ಫಿನಾಯಿಲ್ ಹಾಕಿ ಒರೆಸುತ್ತಾನೆ. ಫ್ಲ್ಯಾಟಿನ ಸಾಹೇಬರ ಕಣ್ಣಿಗೆ ಬಿದ್ದರೆ ಕೆಲಸ ಹೋಗುತ್ತದೆ ಎಂದು ಅವನ ಹೆದರಿಕೆ. ಅವನು ಒರೆಸುವ ಮೊದಲು ನಾನು ಇಳಿದು ಹೋಗಿ ಬರುತ್ತೇನೆ. ಆ ಕಂಬದ ಮೇಲೆ ಮೂರು ಬೊಟ್ಟುಗಳಿವೆ. ಮೊದಲನೆಯದು ನನ್ನ ಪಾದದ ಮೇಲಕ್ಕೆ, ಎರಡನೆಯದು ಹರಡಿಗೆ. ಹೋದ ಮಳೆಗಾಲದ್ದು ಕಾರ್ತಿಕನ ಮೊಣಕಾಲಿಗೆ ಬರುತ್ತದೆ.

ಅನನ್ಯಾ, ಹೂ ಕೊಟ್ಟಾಗ ಮಂತ್ರಿಗಳು ನಿನ್ನ ಕೆನ್ನೆ ತಟ್ಟಿ ಹೇಗಿದ್ದೀಯಮ್ಮಾ ಎಂದು ಕೇಳುತ್ತಾರೆ. ಆರಾಮ ಇದ್ದೀನಿ ಅನ್ನಬೇಡ. ಅವರ ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗು, ನಾನು ಅಲ್ಲೇ ನಿಂತಿರುತ್ತೇನೆ. ಅದಕ್ಕೆ ಮೊದಲು, ನಾಳೆ ಬೆಳಗ್ಗೆಯೇ ನೀವಿಬ್ಬರೂ ಹೋಗಿ ಆ ಕಂಬದ ಹತ್ತಿರ ಕೂತುಕೊಳ್ಳಿ, ಬೊಟ್ಟುಗಳನ್ನು ಮುಚ್ಚಲು ಬಿಡಬೇಡಿ. ಕಂಬಗಳಿಗೆ ಹಳದಿ ಕಪ್ಪು ಪಟ್ಟೆ ಬಳಿಯುವವರು ಇವತ್ತು ಸಂಜೆ ಆರನೆಯ ಕಂಬಕ್ಕೆ ಬಂದು ನಿಲ್ಲಿಸಿ ಹೋಗಿದ್ದಾರೆ. ನಮ್ಮದು ಒಂಬತ್ತನೆಯದು.